ಉತ್ಪ್ರೇಕ್ಷೆಯೂ ಬೇಡ, ಉದಾಸೀನವೂ ಬೇಡ

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿ, ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಜಾಗತಿಕ ತಾಪಮಾನದ ಬಗ್ಗೆ ನಾಲ್ಕು ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಶುರು ಮಾಡುತ್ತೇನೆ.

2008ರಲ್ಲಿ ನಾನು ಬೇರೊಂದು ಊರಿನಲ್ಲಿ ಮೇಷ್ಟ್ರಾಗಿದ್ದೆ. ‘2035ರ ಹೊತ್ತಿಗೆ ಹಿಮಾಲಯದ ಹಿಮನದಿಗಳೆಲ್ಲ ಕರಗಿ ಹೋಗುತ್ತವೆ’ ಎಂದು ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಬರೆಸಿದ್ದೆ. ಎರಡು ವರ್ಷ ಕಳೆದ ಮೇಲೆ ಆ ತರಗತಿಯ ಹುಡುಗನೊಬ್ಬ ಪೇಪರ್ ಹಿಡಿದು ಬಂದ. "ಸಾರ್, ಅದು ಸುಳ್ಳಂತೆ. ನೀವೇ ಬರೆಸಿದ್ರಲ್ಲ?" ಎಂದ. ನನಗೆ ಉತ್ತರ ಹೊಳೆಯಲಿಲ್ಲ.

ನಡೆದದ್ದು ಇಷ್ಟು. ವಿಶ್ವಸಂಸ್ಥೆಯ ಆಶ್ರಯದಲ್ಲಿರುವ ಐಪಿಸಿಸಿ ಎಂಬ ವಿಜ್ಞಾನಿಗಳ ಸಮಿತಿ 2007ರಲ್ಲಿ ತನ್ನ ನಾಲ್ಕನೇ ವರದಿಯನ್ನು ಹೊರತಂದಿತು. ಅದೇ ವರ್ಷ ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿಯ ಪಾಲೂ ಬಂತು. ಆ ವರದಿಯ ಒಂದು ಸಂಪುಟದಲ್ಲಿ 2035ರ ಮಾತಿತ್ತು. 2009ರಲ್ಲಿ ನಮ್ಮ ಕೇಂದ್ರ ಪರಿಸರ ಸಚಿವಾಲಯ, ಭೂವಿಜ್ಞಾನಿ ವಿ.ಕೆ. ರೈನಾ ಅವರು ಬರೆದ ಒಂದು ಚರ್ಚಾ ಪ್ರಬಂಧವನ್ನು ಪ್ರಕಟಿಸಿತು. ಹಿಮನದಿಗಳು ಅಂಥ ಅಸಹಜ ವೇಗದಲ್ಲಿ ಹಿಂದೆ ಸರಿಯುತ್ತಿಲ್ಲ ಎಂದು ಅವರು ಬರೆದಿದ್ದರು. ಐಪಿಸಿಸಿಯ ಅಧ್ಯಕ್ಷರಾಗಿದ್ದ ಆರ್.ಕೆ. ಪಚೌರಿ ಅದನ್ನು ತಳ್ಳಿಹಾಕಿದರು. ಆದರೆ 2010ರ ಜನವರಿಯಲ್ಲಿ ಐಪಿಸಿಸಿಯೇ ತಪ್ಪೊಪ್ಪಿಕೊಂಡು ವಿಷಾದಿಸಿತು. ಆ ಇಸವಿ ಯಾವ ವೈಜ್ಞಾನಿಕ ಅಧ್ಯಯನದಿಂದಲೂ ಬಂದದ್ದಲ್ಲ. ಒಂದು ಪರಿಸರ ಸಂಸ್ಥೆಯ 2005ರ ವರದಿಯಿಂದ ಎತ್ತಿಕೊಂಡದ್ದು. ಆ ವರದಿಗೆ ಆಧಾರ 1999ರ ಒಂದು ಜನಪ್ರಿಯ ಪತ್ರಿಕೆಯ ಸುದ್ದಿ. ಬಾಯಿಂದ ಬಾಯಿಗೆ ಹೋದ ಮಾತು ಕೊನೆಗೆ ನನ್ನ ಬೋರ್ಡಿಗೂ ಬಂದಿತ್ತು.

ಇದರಿಂದ ಆದ ನಷ್ಟ ದೊಡ್ಡದು. "ಎಲ್ಲಾ ಬರೀ ಹೆದರಿಸೋದು ಕಣ್ರೀ, ಹಿಂದೆ ಬರ ಬಂದಿರಲಿಲ್ವಾ?" ಎಂದು ಅರಳಿಕಟ್ಟೆಯ ಮೇಲೆ ಮಾತು ಶುರುವಾಯಿತು. ಹಾಗೆ ಕೇಳುವವರನ್ನು ದಡ್ಡರೆನ್ನಲು ನಾನು ತಯಾರಿಲ್ಲ. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆ ಕೇಳಿ ಬೆಳೆದವರು ನಾವು. ಆದರೆ ಆ ಕಥೆಯ ಕೊನೆಯನ್ನೂ ನೆನಪಿಡಬೇಕು: ಕೊನೆಗೆ ತೋಳ ನಿಜವಾಗಿಯೂ ಬಂತು.

ಹಾಗಾದರೆ ಗಟ್ಟಿಯಾಗಿ ನಿಂತಿರುವುದು ಯಾವುದು? ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಬಿಸಿಯಾಗುತ್ತದೆ ಎಂದು ಸ್ವೀಡನ್ನಿನ ಅರೇನಿಯಸ್ 1896ರಲ್ಲೇ ಲೆಕ್ಕ ಹಾಕಿದ್ದರು. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಅಳೆದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ ಸುಮಾರು 315 ಭಾಗ ಇತ್ತು. ಈಗ 420 ದಾಟಿದೆ. 2011ರಿಂದ 2020ರ ದಶಕದಲ್ಲಿ ಭೂಮಿಯ ಸರಾಸರಿ ಉಷ್ಣತೆ, 1850–1900ರ ಕಾಲಕ್ಕಿಂತ ಸುಮಾರು 1.1 ಡಿಗ್ರಿ ಹೆಚ್ಚಿತ್ತು. ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಮೇಲ್ಪದರವೂ ಬಿಸಿಯಾಗಬೇಕಿತ್ತು. ಅದು ತಣ್ಣಗಾಗುತ್ತಿದೆ, ಕೆಳಗಿನ ಪದರ ಬಿಸಿಯಾಗುತ್ತಿದೆ. ಕಂಬಳಿ ಹೊದ್ದವನ ಮೈಶಾಖ ಒಳಗೇ ಉಳಿಯುವ ಹಾಗೆ.

ಹಿಮಾಲಯದ ಮಾತೂ ಮುಗಿದಿಲ್ಲ. ಕಠ್ಮಂಡುವಿನ ಐಸಿಮೋಡ್ ಸಂಸ್ಥೆ 2019ರಲ್ಲಿ ಹೊರತಂದ ವರದಿಯ ಪ್ರಕಾರ, ತಾಪಮಾನದ ಏರಿಕೆಯನ್ನು 1.5 ಡಿಗ್ರಿಗೆ ತಡೆದರೂ ಹಿಂದೂಕುಷ್–ಹಿಮಾಲಯದ ಹಿಮನದಿಗಳಲ್ಲಿ ಮೂರನೇ ಒಂದು ಭಾಗ ಈ ಶತಮಾನದ ಅಂತ್ಯಕ್ಕೆ ಇಲ್ಲವಾಗುತ್ತದೆ. ಇಸವಿ ತಪ್ಪಾಗಿತ್ತು, ಕರಗುವುದು ಸುಳ್ಳಾಗಿರಲಿಲ್ಲ. ಆ ಹುಡುಗನಿಗೆ ಅಂದು ನಾನು ಹೇಳಬೇಕಾಗಿದ್ದ ಉತ್ತರ ಇದೇ.

ರೈತ ಬಂಧುಗಳಿಗೆ ಒಂದು ಮಾತು. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆ ವರ್ಷ ಎಲ್ ನಿನೋ ಇತ್ತು. ಒಂದು ವರ್ಷದ ಬರ ತೋರಿಸಿ "ಇದೇ ನೋಡಿ ಜಾಗತಿಕ ತಾಪಮಾನ" ಎಂದರೂ ತಪ್ಪು, ಒಂದು ವರ್ಷದ ಒಳ್ಳೆಯ ಮಳೆ ತೋರಿಸಿ "ಎಲ್ಲಿದೆ ತಾಪಮಾನ?" ಎಂದರೂ ತಪ್ಪು. ಮೂವತ್ತು ವರ್ಷದ ಲೆಕ್ಕ ನೋಡಬೇಕು.

ಮಕ್ಕಳೇ, ಯಾರಾದರೂ ಹೆದರಿಸಿದರೆ ಅಥವಾ ಏನೂ ಆಗುವುದಿಲ್ಲ ಎಂದು ಸಮಾಧಾನ ಹೇಳಿದರೆ ಮೂರು ಪ್ರಶ್ನೆ ಕೇಳಿ. ಅಳೆದವರು ಯಾರು? ಎಷ್ಟು ವರ್ಷ ಅಳೆದರು? ತಪ್ಪಾದಾಗ ತಿದ್ದಿಕೊಂಡರೇ? ಮೂರನೆಯದೇ ಮುಖ್ಯ. ಗಾಳಿಮಾತಿಗೆ ತಿದ್ದುಪಡಿ ಇರುವುದಿಲ್ಲ, ವಿಜ್ಞಾನಕ್ಕೆ ಇರುತ್ತದೆ.

ಈ ಸುವರ್ಣ ಮಹೋತ್ಸವದ ನೆನಪಿಗೆ ನನ್ನದೊಂದು ಚಿಕ್ಕ ಕೋರಿಕೆ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ, ಒಂದು ಥರ್ಮಾಮೀಟರ್ ಇಡೋಣ. ಖರ್ಚು ನನ್ನದು. ಮಕ್ಕಳು ದಿನಾ ಬರೆದಿಡಲಿ. ಶತಮಾನೋತ್ಸವದ ಹೊತ್ತಿಗೆ ಈ ಊರಿನ ಐವತ್ತು ವರ್ಷದ ಲೆಕ್ಕ ನಮ್ಮ ಮಕ್ಕಳ ಕೈಯಲ್ಲಿರುತ್ತದೆ. ಆಗ ನನ್ನಂಥ ಮೇಷ್ಟ್ರ ಮಾತನ್ನು ಅವರು ಕಣ್ಣುಮುಚ್ಚಿ ನಂಬಬೇಕಾಗಿಲ್ಲ.