ಗೆರೆಯ ಹಿಂದಿನ ದುಡಿಮೆ: ಡಿಜಿಟಲ್ ಭೂಪಟ ಮತ್ತು ಕೃತಿಸ್ವಾಮ್ಯ



ನಕ್ಷೆಯ ಮೇಲಿನ ಹಕ್ಕು ಯಾರದೆಂಬ ಪ್ರಶ್ನೆ ಇಂಟರ್ನೆಟ್ಟಿನ ಜೊತೆಗೆ ಹುಟ್ಟಿದ್ದಲ್ಲ. 1790ರಲ್ಲಿ ಅಮೆರಿಕ ತನ್ನ ಮೊದಲ ಕೃತಿಸ್ವಾಮ್ಯ ಕಾಯ್ದೆ ತಂದಾಗ ರಕ್ಷಣೆ ಕೊಟ್ಟದ್ದು ಭೂಪಟ, ನೌಕಾಪಟ ಮತ್ತು ಪುಸ್ತಕಕ್ಕೆ. ಕಾಯ್ದೆಯ ಹೆಸರಿನಲ್ಲಿ ಭೂಪಟವೇ ಮೊದಲು, ಪುಸ್ತಕ ಕೊನೆಗೆ. ನಮ್ಮ 1957ರ ಕಾಯ್ದೆಯೂ ಕಲಾಕೃತಿಯ ವ್ಯಾಖ್ಯೆಯೊಳಗೆ ವರ್ಣಚಿತ್ರ, ಶಿಲ್ಪಗಳ ಜೊತೆಗೆ ಭೂಪಟವನ್ನು ಹೆಸರಿಸಿಯೇ ಸೇರಿಸಿದೆ. ಕಾಗದದ ಕಾಲಕ್ಕೆ ಇಷ್ಟು ಸಾಕಾಗಿತ್ತು. ಒಬ್ಬರು ಬರೆದ ನಕ್ಷೆಯನ್ನು ಇನ್ನೊಬ್ಬರು ಅಚ್ಚು ಹಾಕಿಸಿದರೆ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಬಹುದಿತ್ತು.

ಈಗಿನ ಭೂಪಟಕ್ಕೆ ಎರಡು ಪದರಗಳಿವೆ. ಮೇಲಿನದು ನಾವು ನೋಡುವ ಚಿತ್ರ, ಕೆಳಗಿನದು ದತ್ತಾಂಶ. ಮೊದಲು ಚಿತ್ರದ ಮಾತು. ಫೋನಿನಲ್ಲಿ ನಕ್ಷೆ ತೆರೆದಾಗ ಪರದೆ ತುಂಬುವುದು ಸಾಮಾನ್ಯವಾಗಿ 256 ಪಿಕ್ಸೆಲ್ ಉದ್ದಗಲದ ಚೌಕಗಳು. ಇವಕ್ಕೆ ಟೈಲ್ ಎನ್ನುತ್ತಾರೆ. ಪ್ರತಿ ಟೈಲಿಗೂ ಮೂರು ಸಂಖ್ಯೆಗಳ ವಿಳಾಸ: ನೋಟ ಎಷ್ಟು ಹತ್ತಿರದ್ದು, ಉದ್ದಸಾಲು ಎಷ್ಟನೆಯದು, ಅಡ್ಡಸಾಲು ಎಷ್ಟನೆಯದು. 18ನೆಯ ಹಂತದ ನೋಟಕ್ಕೆ ಇಡೀ ಭೂಮಿಗೆ ಸುಮಾರು 6,870 ಕೋಟಿ ಟೈಲುಗಳು. ವಿಳಾಸಗಳು ಕ್ರಮವಾಗಿ ಏರುವುದರಿಂದ ಹತ್ತಾರು ಸಾಲಿನ ಒಂದು ಪ್ರೋಗ್ರಾಂ ಬರೆದರೆ, ಬೆಳಗಾಗುವುದರೊಳಗೆ ಒಂದು ಜಿಲ್ಲೆಯ ನಕ್ಷೆಯನ್ನು ಇನ್ನೊಬ್ಬರ ಸರ್ವರಿನಿಂದ ಇಳಿಸಿಕೊಳ್ಳಬಹುದು. ಇದು ನೇರ ನಕಲು. ಕಾನೂನಿಗೆ ಇದು ಕಷ್ಟದ ವಿಷಯವೇ ಅಲ್ಲ. 2012ರ ತಿದ್ದುಪಡಿಯ ನಂತರ ತಾಂತ್ರಿಕ ಬೀಗ ಮುರಿಯುವುದೂ ಹಕ್ಕಿನ ಮಾಹಿತಿಯನ್ನು ಅಳಿಸುವುದೂ ನಮ್ಮಲ್ಲಿ ಅಪರಾಧವೇ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಕಷ್ಟ ಇರುವುದು ಕೆಳಗಿನ ಪದರದಲ್ಲಿ. ಬೆಂಗಳೂರಿನ ಯಾವುದಾದರೂ ಹಳೆಯ ಬಡಾವಣೆಯನ್ನು ನೆನೆಯಿರಿ. ಏಳನೇ ಕ್ರಾಸ್ ಎಲ್ಲಿ ಮುಗಿದು ಏಳನೇ ‘ಎ’ ಕ್ರಾಸ್ ಎಲ್ಲಿಂದ ಶುರುವಾಗುತ್ತದೆ, ಯಾವ ತುದಿಗೆ ನಿವಾಸಿಗಳು ಗೇಟು ಹಾಕಿಸಿದ್ದಾರೆ, ಒನ್‌ವೇ ಯಾವ ದಿಕ್ಕಿಗಿದೆ, ರಾಜಕಾಲುವೆಯ ಮೇಲಿನ ಮೋರಿ ಕಾರು ದಾಟುವಷ್ಟು ಅಗಲವಿದೆಯೇ, ಹೊಸ ಮನೆಗೂ ಹಳೆಯ ಮನೆಗೂ ಒಂದೇ ನಂಬರ್ ಇದ್ದರೆ ಕೊರಿಯರ್ ಹುಡುಗ ಯಾವ ಬಾಗಿಲು ತಟ್ಟಬೇಕು. ಇಷ್ಟನ್ನೂ ಯಾರೋ ಬಿಸಿಲಲ್ಲಿ ತಿರುಗಿ ಕಣ್ಣಾರೆ ನೋಡಿ ದಾಖಲಿಸಿರುತ್ತಾರೆ. ಆರು ತಿಂಗಳಿಗೆ ಮತ್ತೆ ಬಂದು ತಿದ್ದುತ್ತಾರೆ. ಇನ್ನೊಬ್ಬರು ಆ ನಕ್ಷೆಯನ್ನು ಹಿನ್ನೆಲೆಗಿಟ್ಟು ರಸ್ತೆಗಳ ಮೇಲೆ ಹೊಸ ಗೆರೆ ಎಳೆದು, ಬೇರೆ ಬಣ್ಣ ತುಂಬಿ, ಬೇರೆ ಅಕ್ಷರ ಹಾಕಿದರೆ ಮೇಲಿನ ಚಿತ್ರ ಪೂರ್ತಿ ಅವರದೇ ಆಗುತ್ತದೆ. ಹೋದದ್ದು ಕೆಳಗಿನ ದುಡಿಮೆ.

ಕಾನೂನು ಆ ದುಡಿಮೆಗೆ ಏನು ಹೇಳುತ್ತದೆ? ರಸ್ತೆ ಇಲ್ಲಿದೆ ಎಂಬುದು ಸಂಗತಿ, ಸಂಗತಿಗೆ ಕೃತಿಸ್ವಾಮ್ಯವಿಲ್ಲ. ಕಂಪ್ಯೂಟರ್ ಡೇಟಾಬೇಸನ್ನು ನಮ್ಮ ಕಾಯ್ದೆ ಸಾಹಿತ್ಯ ಕೃತಿಯೆಂದೇ ಪರಿಗಣಿಸುತ್ತದೆ ನಿಜ. ಆದರೆ 2007ರ ಡಿಸೆಂಬರಿನಲ್ಲಿ ಈಸ್ಟರ್ನ್ ಬುಕ್ ಕಂಪನಿ ಮತ್ತು ಮೋದಕ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಬರಿಯ ಬೆವರು ಸಾಲದು, ಕೌಶಲ ಮತ್ತು ವಿವೇಚನೆಯ ಜೊತೆ ಒಂದಿಷ್ಟಾದರೂ ಸೃಜನಶೀಲತೆ ಬೇಕು ಎಂದಿತು. ಆ ವ್ಯಾಜ್ಯ ತೀರ್ಪುಗಳ ಪ್ರಕಟಣೆಯ ಕುರಿತಾದದ್ದು. ಅಲ್ಲಿ ಅದು ನ್ಯಾಯವಾದ ನಿಲುವು. ಭೂಪಟಕ್ಕೆ ಅದನ್ನೇ ಅನ್ವಯಿಸಿದರೆ ವಿಚಿತ್ರ ಫಲ ಬರುತ್ತದೆ. ನಕ್ಷೆ ಎಷ್ಟು ನಿಖರವೋ, ಅಂದರೆ ಇದ್ದದ್ದನ್ನು ಇದ್ದಂತೆ ಎಷ್ಟು ತೋರಿಸುತ್ತದೋ, ಅದರ ದತ್ತಾಂಶಕ್ಕೆ ಸಿಗುವ ರಕ್ಷಣೆ ಅಷ್ಟು ತೆಳುವಾಗುತ್ತದೆ. ಈ ಸಂಕಿರಣದ ಮುಂದಿರುವ ಮುಖ್ಯ ತೊಡಕು ಇದೇ ಎಂದು ನಾನು ತಿಳಿದಿದ್ದೇನೆ.

2024ರ ಜುಲೈಯಲ್ಲಿ ಈ ತೊಡಕು ನಮ್ಮ ಬೆಂಗಳೂರಿಗೇ ಬಂತು. ತನ್ನ ದತ್ತಾಂಶವನ್ನು ನಕಲು ಮಾಡಲಾಗಿದೆ, ಲೈಸೆನ್ಸ್ ಒಪ್ಪಂದವನ್ನು ಮುರಿಯಲಾಗಿದೆ ಎಂದು ನಕ್ಷೆ ಸೇವೆಯಾದ ಮ್ಯಾಪ್‌ಮೈಇಂಡಿಯಾದ ಮಾತೃಸಂಸ್ಥೆ ಬೆಂಗಳೂರಿನ ಓಲಾ ಕಂಪನಿಗೆ ನೋಟಿಸ್ ಕೊಟ್ಟಿತು. ಓಲಾ ಆರೋಪವನ್ನು ಅಲ್ಲಗಳೆಯಿತು. ಯಾರು ಸರಿ ಎಂದು ಈ ವೇದಿಕೆಯಿಂದ ಹೇಳುವುದು ತರವಲ್ಲ. ಕಾನೂನು ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಒಪ್ಪಂದದ ಪ್ರಸ್ತಾಪವನ್ನು. ಕೃತಿಸ್ವಾಮ್ಯ ತೆಳುವಾದ ಕಡೆ ಕಂಪನಿಗಳು ಒಪ್ಪಂದದ ಆಸರೆ ಹುಡುಕುತ್ತವೆ. ಒಪ್ಪಂದ ಕಟ್ಟಿಹಾಕುವುದು ಸಹಿ ಹಾಕಿದವರನ್ನು ಮಾತ್ರ.

ಯುರೋಪು ಬೇರೆ ದಾರಿ ಹಿಡಿಯಿತು. ಅಲ್ಲಿನ 1996ರ ಡೇಟಾಬೇಸ್ ನಿರ್ದೇಶನ, ಸೃಜನಶೀಲತೆ ಇರಲಿ ಬಿಡಲಿ, ಗಣನೀಯ ಹೂಡಿಕೆಯಿಂದ ಕಟ್ಟಿದ ದತ್ತಾಂಶಕ್ಕೆ 15 ವರ್ಷಗಳ ಪ್ರತ್ಯೇಕ ಹಕ್ಕು ಕೊಡುತ್ತದೆ. ಬವೇರಿಯಾ ಸರ್ಕಾರದ 1:50,000 ಪ್ರಮಾಣದ ಭೂಪಟಗಳನ್ನು ಸ್ಕ್ಯಾನ್ ಮಾಡಿ ಆಸ್ಟ್ರಿಯಾದ ಪ್ರಕಾಶಕರೊಬ್ಬರು ಸೈಕಲ್ ಸವಾರರಿಗಾಗಿ ನಕ್ಷೆ ತಯಾರಿಸಿದಾಗ ವ್ಯಾಜ್ಯ ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. ಭೂಪಟದಿಂದ ಬಿಡಿಸಿ ತೆಗೆದ ಭೌಗೋಳಿಕ ಮಾಹಿತಿಗೂ ಸ್ವತಂತ್ರ ಬೆಲೆ ಉಳಿದಿರುತ್ತದೆ, ಆದ್ದರಿಂದ ಕಾಗದದ ಭೂಪಟವೂ ಡೇಟಾಬೇಸ್ ಆಗಬಲ್ಲದು ಎಂದು 2015ರಲ್ಲಿ ಅದು ಹೇಳಿತು. ಈ ಚಿಂತನೆ ನನಗೆ ಒಪ್ಪಿಗೆ, ಅವಧಿ ಒಪ್ಪಿಗೆಯಲ್ಲ. ಹೊಸದಾಗಿ ಗಣನೀಯ ಹೂಡಿಕೆ ಮಾಡಿದಾಗಲೆಲ್ಲ 15 ವರ್ಷ ಮತ್ತೆ ಮೊದಲಿನಿಂದ ಎಣಿಕೆಯಾಗುತ್ತದೆ. ನಿತ್ಯ ತಿದ್ದುವ ಭೂಪಟಕ್ಕೆ ಅದು ಮುಗಿಯದ ಒಡೆತನವಾಗಿಬಿಡುತ್ತದೆ. ನಮ್ಮಲ್ಲಿ ಅಂಥ ಹಕ್ಕು ತರುವುದಾದರೆ ಐದು ವರ್ಷ ಮೀರಬಾರದು. ಸ್ವತಃ ನೆಲಕ್ಕಿಳಿದು ಅಳೆದುಕೊಂಡವರಿಗೆ ಅದು ಎಂದೂ ಅಡ್ಡಿಯಾಗಬಾರದು.

ಹಕ್ಕಿದ್ದರೂ ನಕಲನ್ನು ರುಜುವಾತು ಮಾಡುವುದು ಹೇಗೆ? ಹಿಂದಿನವರು ನಕ್ಷೆಯಲ್ಲಿ ಇಲ್ಲದ ಬೀದಿ, ಇಲ್ಲದ ಊರು ಹುಟ್ಟಿಸುತ್ತಿದ್ದರು. 1930ರ ದಶಕದಲ್ಲಿ ಜನರಲ್ ಡ್ರಾಫ್ಟಿಂಗ್ ಕಂಪನಿಯ ಓಟೊ ಲಿಂಡ್‌ಬರ್ಗ್ ಮತ್ತು ಅರ್ನೆಸ್ಟ್ ಆಲ್ಪರ್ಸ್ ತಮ್ಮ ಹೆಸರಿನ ಅಕ್ಷರಗಳನ್ನು ಕಲಸಿ ನ್ಯೂಯಾರ್ಕ್ ರಾಜ್ಯದ ನಕ್ಷೆಯಲ್ಲಿ ‘ಆಗ್ಲೊ’ ಎಂಬ ಊರು ಸೃಷ್ಟಿಸಿದರು. ಮುಂದೆ ರ‍್ಯಾಂಡ್ ಮೆಕ್‌ನಾಲಿ ಎಂಬ ಇನ್ನೊಂದು ಕಂಪನಿಯ ನಕ್ಷೆಯಲ್ಲೂ ಆಗ್ಲೊ ಕಾಣಿಸಿತು. ಕಳ್ಳತನ ಸಿಕ್ಕಿತೆಂದುಕೊಂಡರೆ, ಅಷ್ಟರಲ್ಲಿ ನಕ್ಷೆ ನೋಡಿದ ಯಾರೋ ಆ ಜಾಗದಲ್ಲಿ ಅದೇ ಹೆಸರಿನ ಅಂಗಡಿ ತೆರೆದಿದ್ದರು! 1992ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು ಸುಳ್ಳು ಬೀದಿಗಳಿಗೆ ಕೃತಿಸ್ವಾಮ್ಯವಿಲ್ಲ ಎಂದೂ ತೀರ್ಪು ಕೊಟ್ಟಿತು. ಈ ಉಪಾಯಕ್ಕೆ ನನ್ನ ವಿರೋಧವಿದೆ, ಅದರ ಕಾರಣ ಬೇರೆ. 108 ಆಂಬುಲೆನ್ಸಿನ ಚಾಲಕ ಫೋನಿನ ನಕ್ಷೆಯನ್ನು ನಂಬಿ ತಿರುವು ತೆಗೆದುಕೊಳ್ಳುವ ಈ ಕಾಲದಲ್ಲಿ ಕಳ್ಳನನ್ನು ಹಿಡಿಯಲೆಂದು ನಕ್ಷೆಯಲ್ಲಿ ಸುಳ್ಳು ಬರೆಯುವ ಹಕ್ಕು ಯಾರಿಗೂ ಇಲ್ಲ.

ಅದಕ್ಕಿಂತ ಒಳ್ಳೆಯ ಸಾಕ್ಷ್ಯ ದತ್ತಾಂಶದಲ್ಲೇ ಇದೆ. ಬ್ರಿಟನ್ನಿನ ಆರ್ಡ್‌ನೆನ್ಸ್ ಸರ್ವೆ ಸಂಸ್ಥೆ ರಸ್ತೆಯ ಅಗಲದಂಥ ಶೈಲಿಯ ಸಣ್ಣ ಗುರುತುಗಳ ಬಲದಿಂದಲೇ ಆಟೊಮೊಬೈಲ್ ಅಸೋಸಿಯೇಷನ್ ಮೇಲೆ ದಾವೆ ನಡೆಸಿ, 2001ರಲ್ಲಿ 2 ಕೋಟಿ ಪೌಂಡಿನ ರಾಜಿ ಪಡೆಯಿತು. ಡಿಜಿಟಲ್ ನಕ್ಷೆಯಲ್ಲಿ ಗುರುತು ಇನ್ನೂ ಸ್ಪಷ್ಟ. ರಸ್ತೆಯ ಒಂದು ತಿರುವು ಎಂದರೆ ಸಾಲಾಗಿ ಇಟ್ಟ ಬಿಂದುಗಳು. ಅದೇ ತಿರುವಿಗೆ ಒಬ್ಬರು ಏಳು ಬಿಂದು ಇಟ್ಟರೆ ಇನ್ನೊಬ್ಬರು ಹನ್ನೊಂದು ಇಡುತ್ತಾರೆ. ಅಕ್ಷಾಂಶದ ಆರನೆಯ ದಶಮಾಂಶ ಸ್ಥಾನ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ಫೋನಿನ ಜಿಪಿಎಸ್ ಮೀಟರುಗಟ್ಟಲೆ ಆಚೀಚೆ ತೋರಿಸುತ್ತದೆ. ಹೀಗಿರುವಾಗ ಎರಡು ಕಂಪನಿಗಳ ನಕ್ಷೆಯಲ್ಲಿ ಒಂದು ಬಡಾವಣೆಯ ಬಿಂದುಗಳೆಲ್ಲ ಆರನೆಯ ದಶಮಾಂಶದವರೆಗೆ ಒಂದೇ ಆಗಿದ್ದರೆ ಅದನ್ನು ಕಾಕತಾಳೀಯ ಎನ್ನಲಾಗದು. ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63 ಕೇಳುವ ಪ್ರಮಾಣಪತ್ರ ಮತ್ತು ಹ್ಯಾಷ್ ಮೌಲ್ಯದೊಂದಿಗೆ ಇಂಥ ಹೋಲಿಕೆಯನ್ನು ನ್ಯಾಯಾಧೀಶರ ಮುಂದಿಡಬಲ್ಲ ತಜ್ಞರು ನಮಗೆ ಬೇಕು. ಭೂಗೋಳ ವಿಭಾಗದ ವಿದ್ಯಾರ್ಥಿಗಳೆ, ಈ ಕೆಲಸ ನಿಮ್ಮದು.

ಖಾಸಗಿ ದುಡಿಮೆಯ ಪರವಾಗಿ ಇಷ್ಟು ಹೇಳಿದ ಮೇಲೆ ಸಾರ್ವಜನಿಕರ ಪರವಾಗಿಯೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ನಮ್ಮ ಗ್ರಾಮ ನಕ್ಷೆಗಳನ್ನು ಸರ್ಕಾರಿ ಮೋಜಿಣಿದಾರರು ಸರಪಳಿ ಎಳೆದು ಅಳೆದು ಮಾಡಿದರು. ಇವತ್ತು ದಿಶಾಂಕ್ ಆ್ಯಪ್ ತೆರೆದರೆ ನಿಂತ ನೆಲದ ಸರ್ವೆ ನಂಬರ್ ತಿಳಿಯುವುದು ಆ ದುಡಿಮೆಯ ಫಲ. ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸರ್ಕಾರಿ ಕೃತಿಗೆ ಪ್ರಕಟಣೆಯಿಂದ 60 ವರ್ಷ ಸರ್ಕಾರದ್ದೇ ಹಕ್ಕು. 2021ರ ಫೆಬ್ರವರಿ 15ರ ಕೇಂದ್ರದ ಮಾರ್ಗಸೂಚಿಗಳು ಸಾರ್ವಜನಿಕ ಹಣದಿಂದ ತಯಾರಾದ, ಗೋಪ್ಯವಲ್ಲದ ಭೌಗೋಳಿಕ ದತ್ತಾಂಶ ಭಾರತೀಯರಿಗೆಲ್ಲ ಸುಲಭವಾಗಿ ಸಿಗಬೇಕೆಂದು ಹೇಳಿವೆ. ಹಾಗೆ ತೆರೆದ ನಕ್ಷೆಯನ್ನು ತೆಗೆದುಕೊಂಡು, ಮೇಲೊಂದು ಬಣ್ಣ ಬಳಿದು, ಇಡಿಯಾಗಿ ನಮ್ಮದೆಂದು ಬೇಲಿ ಹಾಕುವುದನ್ನು ಕಾನೂನು ಒಪ್ಪಬಾರದು. ತಾವು ಸೇರಿಸಿದ್ದಷ್ಟಕ್ಕೇ ಹಕ್ಕು ಕೇಳಲಿ.

ಸ್ವಯಂಸೇವಕರೇ ಕಟ್ಟಿ ಎಲ್ಲರಿಗೂ ತೆರೆದಿಟ್ಟ ನಕ್ಷೆಯೂ ಇದೆ. ಆರ್ಡ್‌ನೆನ್ಸ್ ಸರ್ವೆಯ ದತ್ತಾಂಶ ದುಬಾರಿಯಾಗಿದ್ದ ಕಾಲದಲ್ಲೇ, 2004ರಲ್ಲಿ, ಸ್ಟೀವ್ ಕೋಸ್ಟ್ ಓಪನ್‌ಸ್ಟ್ರೀಟ್‌ಮ್ಯಾಪ್ ಆರಂಭಿಸಿದರು. ಅದರ ಸ್ವಯಂಸೇವಕರಿಗೆ ಮೊದಲು ಕಲಿಸುವ ನಿಯಮ, ಬೇರೆ ನಕ್ಷೆಯಿಂದ ನಕಲು ಮಾಡಬೇಡಿ ಎಂಬುದು. ನಮ್ಮ ಊರುಗಳಿಗೆ ಕನ್ನಡದಲ್ಲೇ ಹೆಸರು ಸೇರಿಸುತ್ತಿರುವವರೂ ಅಲ್ಲಿದ್ದಾರೆ, ಬಿಡಿಗಾಸು ಪಡೆಯದೆ. ಅವರು ಕೇಳುವುದು ಹೆಸರಿನ ಉಲ್ಲೇಖ ಮತ್ತು ತಿದ್ದಿದ ದತ್ತಾಂಶವನ್ನು ಎಲ್ಲರಿಗೂ ಮುಕ್ತವಾಗಿಡುವ ಷರತ್ತು. 2012ರಲ್ಲಿ ಆ್ಯಪಲ್‌ನಂಥ ಕಂಪನಿಯೇ ತನ್ನ ಐಫೋಟೊದಲ್ಲಿ ಈ ದತ್ತಾಂಶ ಬಳಸಿ ಉಲ್ಲೇಖ ಬಿಟ್ಟಿತ್ತು; ಎತ್ತಿ ತೋರಿಸಿದ ಮೇಲೆ ಸೇರಿಸಿತು.

ನಮ್ಮ ವಿಶ್ವವಿದ್ಯಾಲಯಗಳ ಪ್ರಬಂಧಗಳಲ್ಲಿ ಸ್ಕ್ರೀನ್‌ಶಾಟ್ ನಕ್ಷೆಯ ಕೆಳಗೆ ‘ಮೂಲ: ಇಂಟರ್ನೆಟ್’ ಎಂದು ಬರೆಯುವುದು ರೂಢಿಯಾಗಿದೆ. ಸಂಶೋಧನೆಗೂ ಬೋಧನೆಗೂ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52 ಸಾಕಷ್ಟು ವಿನಾಯಿತಿ ಕೊಟ್ಟಿದೆ. ಬಳಸಿ, ಧಾರಾಳವಾಗಿ ಬಳಸಿ. ಆದರೆ ಸಂಘಟಕರಲ್ಲಿ ನನ್ನದೊಂದು ವಿನಂತಿ: ಈ ಸಂಕಿರಣದ ಪ್ರಬಂಧಗಳನ್ನು ಪುಸ್ತಕವಾಗಿ ತರುವಾಗ ಪ್ರತಿ ನಕ್ಷೆಯ ಕೆಳಗೆ ಅದನ್ನು ಮಾಡಿದವರ ಹೆಸರು, ದತ್ತಾಂಶದ ವರ್ಷ ಮತ್ತು ಲೈಸೆನ್ಸ್ ಅಚ್ಚಾಗಲಿ. ಇವು ಮೂರೂ ಇಲ್ಲದ ಪ್ರಬಂಧವನ್ನು ಲೇಖಕರಿಗೆ ತಿದ್ದಲು ವಾಪಸು ಕಳಿಸಿ, ಅದು ನನ್ನದೇ ಆಗಿದ್ದರೂ.