ಕ್ಯಾತೆಗೆ ಒಂದು ಪದ, ಪ್ರಾರ್ಥನೆಗೆ ಅದೇ ಪದ
(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ಕ್ರಿಸ್ಮಸ್ಸಿನ ಬೆನ್ನಲ್ಲೇ ನಾವಿಂದು ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತಿದ್ದೇವೆ. ದೂರದ ಊರುಗಳಿಂದ ಮಕ್ಕಳು, ಮೊಮ್ಮಕ್ಕಳು ಬಂದಿದ್ದಾರೆ. ಮನೆ ತುಂಬಿದೆ. ಜೊತೆಗೆ ಮಾತಿಗೆ ಮಾತೂ ಬೆಳೆದಿದೆ. "ಎಲ್ಲರೂ ಊಟಕ್ಕೆ ಬನ್ನಿ ಎಂದರೇ ಹೊರತು ನಮ್ಮ ಹೆಸರು ಹೇಳಿ ಕರೆಯಲಿಲ್ಲ" ಎಂದು ಮುನಿಸಿಕೊಂಡವರು ನಮ್ಮಲ್ಲಿ ಇಲ್ಲವೇ?

ಇಂತಹ ತಕರಾರಿಗೆ ಇಂಗ್ಲಿಷಿನಲ್ಲಿ 'ಕ್ವಿಬಲ್' ಎನ್ನುತ್ತಾರೆ. ತಿರುಳನ್ನು ಬಿಟ್ಟು ಪದವನ್ನು ಹಿಡಿದು ಜಗ್ಗಾಡುವುದು ಎಂದು ಇದರ ಅರ್ಥ. ಮೊಸರಿನಲ್ಲಿ ಕಲ್ಲು ಹುಡುಕುವುದು ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ.

17ನೇ ಶತಮಾನದ ಆರಂಭದಲ್ಲಿ ಈ ಪದ ಬಳಕೆಗೆ ಬಂದಾಗ ಮಾತಿನ ಚಮತ್ಕಾರ ಎಂಬ ಅರ್ಥವಷ್ಟೇ ಇತ್ತು. ಕ್ರಮೇಣ ನುಣುಚಿಕೊಳ್ಳುವ ವಾದ, ಕ್ಷುಲ್ಲಕ ಆಕ್ಷೇಪ ಎಂಬ ಅರ್ಥಗಳು ಸೇರಿಕೊಂಡವು. ಇದರ ಮೂಲ ಲತೀನಿನ 'ಕ್ವಿಬುಸ್' ಇರಬೇಕೆಂದು ಪಂಡಿತರ ಅಭಿಪ್ರಾಯ. 'ಯಾರಿಗೆ', 'ಯಾವುವುಗಳಿಂದ' ಎಂದು ಅದರ ಅರ್ಥ. ಇಂಗ್ಲೆಂಡಿನ ನ್ಯಾಯಾಲಯಗಳ ದಾಖಲೆಗಳು 1733ರವರೆಗೂ ಲತೀನಿನಲ್ಲಿದ್ದವು. ನಮ್ಮ ಪತ್ರಗಳಲ್ಲಿ 'ಸದರಿ', 'ಮೇಲ್ಕಂಡ' ಎಂದು ಬರುವಂತೆ ಅಲ್ಲಿ 'ಕ್ವಿಬುಸ್' ಮತ್ತೆ ಮತ್ತೆ ಬರುತ್ತಿತ್ತು. ಹೀಗೆ ವಕೀಲರ ಕಾಗದದ ಪದವೊಂದು ಕ್ಯಾತೆಗೆ ಹೆಸರಾಯಿತು.

ಪಾಲುಪತ್ರದ ಒಂದು ಪದಕ್ಕಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮಲ್ಲೂ ಇದ್ದಾರೆ. ಒಂದೇ ದೇವಾಲಯಕ್ಕೆ ಬರುತ್ತಾರೆ. ಒಬ್ಬರು ಈ ಬದಿಯ ಬೆಂಚಿನಲ್ಲಿ, ಇನ್ನೊಬ್ಬರು ಆ ಬದಿಯಲ್ಲಿ. ಅಪ್ಪ ಬರೆಸಿದ ಪದ ನೆನಪಿದೆ, ಅಪ್ಪನ ಆಸೆ ಮರೆತುಹೋಗಿದೆ.

ಆದರೆ ಪ್ರಿಯರೇ, ಅದೇ 'ಕ್ವಿಬುಸ್' ನಮ್ಮ ಬಲಿಪೀಠದ ಮೇಲೂ ಇದೆ. ಎರಡನೇ ವ್ಯಾಟಿಕನ್ ಮಹಾಸಭೆಗೆ (1962–65) ಮೊದಲು ಗುರುಗಳು ಬಲಿಪೂಜೆಯನ್ನು ಲತೀನಿನಲ್ಲಿ ಅರ್ಪಿಸುತ್ತಿದ್ದ ಕಾಲದಲ್ಲಿ, ಜೀವಂತರ ಸ್ಮರಣೆಯ ಪ್ರಾರ್ಥನೆಯಲ್ಲಿ ಈ ಪದವನ್ನು ಮೆಲುದನಿಯಲ್ಲಿ ಉಚ್ಚರಿಸುತ್ತಿದ್ದರು. ಮೊದಲನೇ ಪರಮಪ್ರಸಾದ ಪ್ರಾರ್ಥನೆಯ ಲತೀನ್ ಪಾಠದಲ್ಲಿ ಅದು ಇಂದಿಗೂ ಇದೆ. ಯಾರ ಯಾರ ಹೆಸರನ್ನು ನೆನೆಯುತ್ತೇವೆಯೋ ಅವರಿಗಾಗಿ ಈ ಬಲಿ ಎಂಬುದು ಅಲ್ಲಿನ ಭಾವ. ನ್ಯಾಯಾಲಯದಲ್ಲಿ ಜನರನ್ನು ಬೇರ್ಪಡಿಸಿದ ಪದ ಬಲಿಪೀಠದಲ್ಲಿ ಅವರನ್ನು ಒಟ್ಟುಗೂಡಿಸುತ್ತದೆ. ಪದ ಒಂದೇ, ಅದನ್ನು ಹಿಡಿದ ಮನಸ್ಸು ಬೇರೆ.

ಆದ್ದರಿಂದ ಇಂದು ಬಲಿಪೂಜೆಯಲ್ಲಿ ಆ ಸ್ಮರಣೆಯ ಕ್ಷಣ ಬಂದಾಗ, ನಾವು ಮಾತು ಬಿಟ್ಟವರ ಹೆಸರನ್ನು ಮನಸ್ಸಿನಲ್ಲಿ ಹೇಳೋಣ. ಪೂಜೆ ಮುಗಿದ ಮೇಲೆ ಹೊರಗೆ ಬಂದು ಅದೇ ಹೆಸರು ಹಿಡಿದು ಅವರನ್ನು ಊಟಕ್ಕೆ ಕರೆಯೋಣ. ನಜರೇತಿನ ಪವಿತ್ರ ಕುಟುಂಬ ನಮ್ಮ ಮನೆಗಳನ್ನು ಕಾಪಾಡಲಿ. ಆಮೆನ್.