ಯಾವ ಕ್ಯಾಮೆರಾ ಕೊಳ್ಳಲಿ?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಿಮ್ಮ ವೃತ್ತಿಯ ಬಗ್ಗೆ ಉಪಯೋಗವಾಗುವಂಥ ನಾಲ್ಕು ಮಾತು ಹೇಳಿ ಎಂದು ಗುರುಗಳು ಅಪ್ಪಣೆ ಕೊಟ್ಟಿದ್ದಾರೆ. ನಾನು ಫೋಟೋಗ್ರಾಫರ್. ಈ ಕೆಲಸಕ್ಕೆ ಬರಲು ಆಸೆಪಡುವ ಹುಡುಗರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಹವ್ಯಾಸಕ್ಕೆ ಅಂತ ಒಂದು ಕ್ಯಾಮೆರಾ ಇದೆ. ಇನ್ನು ಮದುವೆ ಆರ್ಡರ್ ಹಿಡಿಯಬೇಕು. ಯಾವುದು ಕೊಳ್ಳಲಿ?" ಈ ಪ್ರಶ್ನೆಯ ಹಿಂದೆ ಒಂದೂವರೆ, ಎರಡು ಲಕ್ಷ ರೂಪಾಯಿ ಇರುತ್ತದೆ. ಅಮ್ಮನ ಒಡವೆ ಅಡವಿಟ್ಟೋ, ಸೊಸೈಟಿ ಸಾಲ ಮಾಡಿಯೋ ತಂದ ಹಣ ಅದು. ಆದ್ದರಿಂದ ಇಲ್ಲಿ ಕುಳಿತಿರುವ ತಂದೆತಾಯಂದಿರೂ ಕೇಳಬೇಕಾದ ಮಾತಿದು.

ನನ್ನ ಉತ್ತರ ಇಷ್ಟೆ: ಕೈಕೊಡದ ಕ್ಯಾಮೆರಾ ಕೊಳ್ಳಿ. ಕೆರೆ ಏರಿಯ ಮೇಲೆ ಇವತ್ತಿನ ಸೂರ್ಯಾಸ್ತ ತಪ್ಪಿದರೆ ನಾಳೆ ಇನ್ನೊಂದಿದೆ. ಮಾಂಗಲ್ಯಧಾರಣೆ ತಪ್ಪಿದರೆ "ಇನ್ನೊಂದು ಸಲ ಕಟ್ಟಿಸಿ" ಎಂದು ಪುರೋಹಿತರನ್ನು ಕೇಳಲಾಗುವುದಿಲ್ಲ. ಹವ್ಯಾಸಕ್ಕೂ ವೃತ್ತಿಗೂ ಇರುವ ಅಂತರ ಅದೇ.

ಮೊದಲು ಮೆಗಾಪಿಕ್ಸೆಲ್ ವಿಷಯ. ಮದುವೆ ಆಲ್ಬಮ್ಮಿನ ದೊಡ್ಡ ಪುಟ 12 ಇಂಚು ಅಗಲ, 18 ಇಂಚು ಉದ್ದ ಎನ್ನೋಣ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಸಾಕು. ಗಣಿತದ ಮೇಷ್ಟ್ರು ಕಲಿಸಿದ ಗುಣಾಕಾರ ಮಾಡಿ: 3600 ಗುಣಿಸು 5400, ಅಂದರೆ ಸುಮಾರು 1 ಕೋಟಿ 94 ಲಕ್ಷ ಚುಕ್ಕಿ. 24 ಮೆಗಾಪಿಕ್ಸೆಲ್‌ನಲ್ಲಿ 2 ಕೋಟಿ 40 ಲಕ್ಷ ಇರುತ್ತವೆ. ನಿಮ್ಮ ಹಳೆಯ ಕ್ಯಾಮೆರಾದಲ್ಲೇ ಅಷ್ಟಿರಬಹುದು. 45 ಮೆಗಾಪಿಕ್ಸೆಲ್‌ಗೆ ಹೋದರೆ ಫೈಲುಗಳು ದೊಡ್ಡದಾಗಿ ಹಾರ್ಡ್ ಡಿಸ್ಕ್, ಕಂಪ್ಯೂಟರ್ ಎಲ್ಲದರ ಖರ್ಚೂ ಬೆಳೆಯುತ್ತದೆ.

ಎರಡನೆಯದು ಬೆಳಕು. ಕಲ್ಯಾಣ ಮಂಟಪದಲ್ಲಿ ಮಂದ ಬೆಳಕು, ಹೋಮದ ಹೊಗೆ. ಕ್ಯಾಮೆರಾ ಜೊತೆ ಬರುವ 18-55 ಲೆನ್ಸ್ ಅನ್ನು 55ಕ್ಕೆ ಎಳೆದರೆ ಅದು ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಎಂಎಂ, ಎಫ್ 1.8ರ ಪುಟ್ಟ ಲೆನ್ಸ್ ಹಾಕಿದರೆ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬರುತ್ತದೆ. ಎಪಿಎಸ್-ಸಿ ಬಿಟ್ಟು ಫುಲ್ ಫ್ರೇಮ್ ಕ್ಯಾಮೆರಾ ಕೊಂಡರೆ ಸೆನ್ಸರ್‌ನ ವಿಸ್ತೀರ್ಣ ಹೆಚ್ಚುವುದು ಸುಮಾರು ಎರಡೂಕಾಲು ಪಟ್ಟು ಮಾತ್ರ. ಫುಲ್ ಫ್ರೇಮ್‌ನಿಂದ ಲಾಭ ಇದೆ, ಸುಳ್ಳಲ್ಲ. ಆದರೆ ಸರದಿಯಲ್ಲಿ ಲೆನ್ಸ್ ಮೊದಲು. 50 ಎಂಎಂನಲ್ಲಿ ಇಡೀ ಮಂಟಪ ಹಿಡಿಯುವುದಿಲ್ಲವಾದ್ದರಿಂದ ಮುಂದೆ ಎಫ್ 2.8ರ ಅಗಲ ನೋಟದ ಜೂಮ್ ಒಂದು ಬೇಕಾಗುತ್ತದೆ.

ಮೂರನೆಯದು ಕಾರ್ಡ್. ಮೆಮೊರಿ ಕಾರ್ಡ್ ಹೇಳದೆ ಕೇಳದೆ ಕೆಡುತ್ತದೆ. ಎರಡು ಕಾರ್ಡ್ ಹಾಕುವ ಕ್ಯಾಮೆರಾದಲ್ಲಿ ಪ್ರತಿ ಚಿತ್ರವೂ ಎರಡೂ ಕಡೆ ಉಳಿಯುವಂತೆ ಮಾಡಬಹುದು. 2018ರಲ್ಲಿ ಬಂದ ನಿಕಾನ್ ಜೆಡ್ 6, ಕ್ಯಾನನ್ ಇಓಎಸ್ ಆರ್ ಎರಡರಲ್ಲೂ ಒಂದೇ ಕಾರ್ಡಿಗೆ ಜಾಗ. 2020ರ ಜೆಡ್ 6 ಟೂ ಮತ್ತು ಆರ್ 6ರಲ್ಲಿ ಎರಡಕ್ಕೂ ಜಾಗ ಬಂತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮರೆಯಬಾರದು.

ನಾಲ್ಕನೆಯದು, ಹಳೆಯ ಕ್ಯಾಮೆರಾ ಮಾರಬೇಡಿ. ಹೊಸದು ಮುಹೂರ್ತದ ಹೊತ್ತಿಗೆ ನಿಂತುಹೋದರೆ ಹೆಗಲ ಮೇಲಿನ ಹಳೆಯದೇ ಮಾನ ಉಳಿಸುವುದು. ಅದಕ್ಕೇ ಹೊಸದೂ ಅದೇ ಲೆನ್ಸುಗಳಿಗೆ ಹೊಂದಬೇಕು. ಡಿಎಸ್‌ಎಲ್‌ಆರ್‌ನಿಂದ ಮಿರರ್‌ಲೆಸ್‌ಗೆ ಹೋಗುವವರು ಅಡಾಪ್ಟರ್ ಹಾಕಿ ನಿಮ್ಮದೇ ಲೆನ್ಸನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಕ್ಯಾನನ್‌ನ ಇಎಫ್ ಲೆನ್ಸುಗಳು ಆರ್ ಸರಣಿಯ ಮೇಲೆ ಚೆನ್ನಾಗಿ ಕೆಲಸ ಮಾಡುತ್ತವೆ. ನಿಕಾನ್‌ನ ಮೋಟಾರ್ ಇಲ್ಲದ ಹಳೆಯ ಲೆನ್ಸುಗಳು ಕಂಪನಿಯ ಎಫ್‌ಟಿಜೆಡ್ ಅಡಾಪ್ಟರ್‌ನಲ್ಲಿ ತಾವಾಗಿ ಫೋಕಸ್ ಮಾಡುವುದಿಲ್ಲ.

ಕೊಳ್ಳುವ ಮೊದಲು ಅದೇ ಮಾದರಿಯನ್ನು ಬಾಡಿಗೆಗೆ ತಂದು ಎರಡು ಕೆಲಸ ಮಾಡಿ ನೋಡಿ. ಬಳಸಿದ ಡಿಎಸ್‌ಎಲ್‌ಆರ್ ಆದರೆ ಶಟರ್ ಎಷ್ಟು ಸಲ ಬಿದ್ದಿದೆ ಎಂದು ಕೇಳಿ. ಮದುವೆಗೆ 2,500 ಚಿತ್ರ, ವರ್ಷಕ್ಕೆ 30 ಮದುವೆ ಎಂದರೆ ವರ್ಷಕ್ಕೇ 75,000 ಆಯಿತು. ಒಂದೂವರೆ ಲಕ್ಷ ಸಲಕ್ಕೆಂದು ಮಾಡಿದ ಶಟರ್ ಎರಡೇ ವರ್ಷಕ್ಕೆ ತನ್ನ ಲೆಕ್ಕ ಮುಗಿಸುತ್ತದೆ.

ಕೊನೆಗೆ ಸಾಲ. ಎರಡು ಲಕ್ಷವನ್ನು ಶೇ 12ರ ಬಡ್ಡಿಗೆ ಮೂರು ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 6,640 ರೂಪಾಯಿ. ಬಡ್ಡಿಯೇ 39 ಸಾವಿರ ದಾಟುತ್ತದೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಕಂತು ಇರುತ್ತದೆ. ಧನುರ್ಮಾಸದಲ್ಲೂ ಅಷ್ಟೇ. ಹಾಗಾಗಿ ಈಗಿರುವ ಕ್ಯಾಮೆರಾಕ್ಕೆ ಒಂದು ಒಳ್ಳೆಯ ಲೆನ್ಸು, ಒಂದು ಫ್ಲಾಶ್, ಎರಡು ಬ್ಯಾಟರಿ ಕೂಡಿಸಿ, ನಾಮಕರಣ, ಗೃಹಪ್ರವೇಶಗಳಿಂದ ಶುರುಮಾಡಿ. ಆ ದುಡಿಮೆಯಲ್ಲಿ ಅರ್ಧ ಹಣವಾದರೂ ಕೂಡಿದ ಮೇಲೆ ದೊಡ್ಡ ಕ್ಯಾಮೆರಾದ ಮಾತು.

ಹಿರಿಯರಲ್ಲಿ ಒಂದು ವಿನಂತಿ. ಮನೆಯ ಮದುವೆಗೆ ಹುಡುಗರನ್ನು ಗೊತ್ತುಮಾಡುವಾಗ "ನಿನ್ನದು ಯಾವ ಕಂಪನಿ ಕ್ಯಾಮೆರಾ?" ಎಂದು ಕೇಳಬೇಡಿ. "ಇನ್ನೊಂದು ಕ್ಯಾಮೆರಾ ಇದೆಯಾ? ಚಿತ್ರಗಳನ್ನು ಎಷ್ಟು ಕಡೆ ಇಡುತ್ತೀಯ?" ಎಂದು ಕೇಳಿ. ನೀವು ಹೀಗೆ ಕೇಳತೊಡಗಿದರೆ ನಮ್ಮ ಹುಡುಗರು ಸಾಲದ ಹಣವನ್ನು ಸರಿಯಾದ ಕಡೆ ಹಾಕುವುದನ್ನು ಬೇಗ ಕಲಿಯುತ್ತಾರೆ.